ಸೊಂಟದ ಅಳತೆ

ನಮ್ಮಣ್ಣ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವ ದರ್ಜಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಮದುವೆಯಾದ ಎರಡನೇ ವರ್ಷಕ್ಕೇ ಪೆಟ್ಟಿಗೆ ಸಮೇತ ವಾಪಸು ಬಂದ ನನ್ನನ್ನು ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡು, ಮರುದಿನ ಬೆಳಿಗ್ಗೆ ಸೂಜಿದಾರ ಕೈಗೆ ಕೊಟ್ಟವನು ಅವನು. ಅಂದಿನಿಂದ ಕಾಜಾ ಹಾಕುವುದು, ಗುಂಡಿ ಕೂರಿಸುವುದು, ಅಂಚು ಮಡಚಿ ಹೊಲಿಯುವುದು ನನ್ನ ಕೆಲಸ. ಅತ್ತಿಗೆ ಔಷಧಿ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಬೆಳಿಗ್ಗೆ ಆರಕ್ಕೆ ಕಂಪನಿಯ ಬಸ್ಸು ಹತ್ತಿದರೆ ಇಳಿಯುವುದು ಸಂಜೆಗೇ. ಹಾಗಾಗಿ ಅವರ ಒಬ್ಬಳೇ ಮಗಳಿಗೆ ತಲೆ ಬಾಚಿದ್ದು, ಡಬ್ಬಿ ಕಟ್ಟಿದ್ದು, ತಟ್ಟೆಗೆ ಬಡಿಸಿದ್ದು ಹೆಚ್ಚಾಗಿ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದರಲ್ಲಿ ನನ್ನ ಪಾಲೆಷ್ಟು ಎಂದು ಯಾರೂ ಹುಡುಕುವಂತಾಗಬಾರದು.

ಅಣ್ಣ ಮಗಳನ್ನು ಕರೆಯುತ್ತಿದ್ದದ್ದು ‘ಗುಂಡಿ’ ಎಂದು. ಅಂಗಿಯ ಗುಂಡಿ. ಹುಟ್ಟಿದಾಗ ಅವಳ ಮುಖ ಅಷ್ಟು ದುಂಡಗೆ, ಕಣ್ಣು ಮೂಗು ಎಲ್ಲ ನಡುವೆ ಸೇರಿಕೊಂಡು ನಾಲ್ಕು ತೂತಿನ ಗುಂಡಿಯ ಹಾಗೇ ಇತ್ತು. ಮುದ್ದಿನ ಹೆಸರು. ನಾವೂ ಹಾಗೇ ಕರೆದೆವು. ಅವಳೂ ಆ ಹೆಸರಿಗೆ ಓಗೊಡುತ್ತಾ ಬೆಳೆದಳು.

ಹನ್ನೊಂದು ಹನ್ನೆರಡರಲ್ಲಿ ಅವಳಿಗಿದ್ದ ಹಸಿವು ನೋಡಬೇಕಿತ್ತು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮುಂಚೆಯೇ ಅಡುಗೆಮನೆಯಲ್ಲಿರುತ್ತಿದ್ದಳು. ನಿಂತುಕೊಂಡೇ ಒಂದು ತಟ್ಟೆ ಅನ್ನ, ಎರಡು ಮೊಟ್ಟೆ, ಮೇಲೊಂದು ಬಾಳೆಹಣ್ಣು. “ಅತ್ತೇ, ಇನ್ನೇನಿದೆ?” ಎಂದು ಪಾತ್ರೆಗಳ ಮುಚ್ಚಳ ಎತ್ತೆತ್ತಿ ನೋಡುವಳು. “ನನ್ನನ್ನೊಬ್ಬಳನ್ನ ತಿನ್ನದೆ ಬಿಡು ತಾಯಿ, ನಿಮ್ಮಮ್ಮ ಬಂದಾಗ ಬಾಗಿಲು ತೆಗೆಯೋಕೆ ಯಾರಾದ್ರೂ ಬೇಕಲ್ಲ” ಎನ್ನುತ್ತಿದ್ದೆ. ಬಾಯ್ತುಂಬ ಅನ್ನ ಇಟ್ಟುಕೊಂಡೇ ನಗುವಳು. ಅಷ್ಟು ತಿಂದದ್ದೆಲ್ಲ ಕಾಲಿಗೇ ಹೋಗುತ್ತಿತ್ತೇನೋ, ಒಂದೇ ವರ್ಷದಲ್ಲಿ ಅಣ್ಣ ಎರಡು ಸಲ ಅವಳ ಲಂಗದ ಅಂಚು ಬಿಚ್ಚಿ ಉದ್ದ ಬಿಡಬೇಕಾಯಿತು. ಆ ಕಾಲುಗಳನ್ನು ನೋಡಿಯೇ ಶಾಲೆಯ ಆಟದ ಮಿಸ್ಸು ಅವಳನ್ನು ಎತ್ತರ ಜಿಗಿತಕ್ಕೆ ಆರಿಸಿದ್ದು.

ಹದಿಮೂರಕ್ಕೆ ಮೈನೆರೆದಳು. ಮೈ ತುಂಬಿಕೊಂಡಿತು. ಆ ವಯಸ್ಸಿನಲ್ಲಿ ಎಲ್ಲರಿಗೂ ಆಗುವುದೇ. ಆದರೆ ಒಂದು ಮಧ್ಯಾಹ್ನ ಅವಳು ಗೆಳತಿಯರ ಜೊತೆ ಬೀದಿಯ ಆಚೆ ಬದಿಯಲ್ಲಿ ಬರುತ್ತಿದ್ದಾಗ ಅಣ್ಣ ಅಂಗಡಿಯ ಮೆಟ್ಟಿಲಲ್ಲಿ ನಿಂತು, “ಏ ಗುಂಡೀ! ಬರ್ತಾ ದಾರದ ಉಂಡೆ ತಗೊಂಡು ಬಾ!” ಎಂದು ಕೂಗಿದ. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನದಿಂದ ಇಡೀ ತರಗತಿಗೆ ಅವಳು ಗುಂಡಿ. ಅವರಿಗೆ ಅದು ಅಂಗಿಯ ಗುಂಡಿಯಾಗಿರಲಿಲ್ಲ, ಗುಂಡಗಿರುವವಳು ಎಂದಾಗಿತ್ತು.

“ಅಪ್ಪಾ, ನನ್ನ ಹಾಗೆ ಕರೀಬೇಡ.”

“ಯಾಕೆ? ಹುಟ್ಟಿದಾಗಿಂದ ಕರೀತಿದೀನಿ.”

“ಅದಕ್ಕೇ. ಸಾಕು.”

ಅಣ್ಣ ನಕ್ಕುಬಿಟ್ಟ. ನಾನೂ ನಕ್ಕೆ. ಅವನು ಕರೆಯುವುದನ್ನು ನಿಲ್ಲಿಸಲಿಲ್ಲ. ನಾಲಿಗೆಗೆ ಅಂಟಿದ ಹೆಸರು, ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಅದೇ ತಿಂಗಳು ಆಟದ ಮಿಸ್ಸು ಒಂದು ಮಾತು ಹೇಳಿದ್ದರಂತೆ. ಕೆಟ್ಟ ಹೆಂಗಸಲ್ಲ ಅವರು, ಇಪ್ಪತ್ತೈದರ ಹುಡುಗಿ, ಮಕ್ಕಳ ಜೊತೆ ತಾವೂ ಓಡುವವರು. ಜಿಗಿಯುವಾಗ ಅಡ್ಡಕೋಲು ಬೀಳಿಸಿದವಳನ್ನು ಎಬ್ಬಿಸುತ್ತಾ, “ಒಂದೆರಡು ಕೇಜಿ ಇಳಿಸು, ಆಮೇಲೆ ನೋಡು, ಹಕ್ಕಿ ಹಾಗೆ ಹಾರ್ತೀಯ” ಎಂದರಂತೆ. ಆಮೇಲೆ ಅವರಿಗೇ ಆ ಮಾತು ಮರೆತುಹೋಗಿರಬೇಕು. ಇವಳಿಗೆ ಮರೆಯಲಿಲ್ಲ.

ಮೊದಲು ಹೋದದ್ದು ಹಾಲು. “ವಾಸನೆ ಬರುತ್ತೆ ಅತ್ತೆ.” ಆಮೇಲೆ ಮೊಟ್ಟೆ. “ಪಿತ್ತ ಆಗುತ್ತೆ.” ಬೆಳಗಿನ ತಿಂಡಿಗೆ ಹೊತ್ತಿಲ್ಲ, ಸಂಜೆ ಗೆಳತಿಯ ಮನೆಯಲ್ಲಿ ತಿಂದು ಬಂದಾಯಿತು. ನಾಲ್ಕು ತುತ್ತು ಅನ್ನವನ್ನು ತಟ್ಟೆಯ ಅಂಚಿಗೆಲ್ಲ ಹರಡಿ, ತಿಂದ ಹಾಗೆ ಕಾಣಿಸುವುದನ್ನು ಕಲಿತಿದ್ದಳು. ಭಾನುವಾರ ಅತ್ತಿಗೆ ಮನೆಯಲ್ಲಿದ್ದಾಗ ಅಭ್ಯಾಸದ ನೆಪ ಹೇಳಿ ಮೈದಾನಕ್ಕೆ ಹೋಗುತ್ತಿದ್ದಳು. ಅತ್ತಿಗೆ ಕೇಳಿದರೆ ನಾನು, “ತಿಂತಾಳೆ ಬಿಡಿ, ವಯಸ್ಸೇ ಹಾಗೆ” ಎನ್ನುತ್ತಿದ್ದೆ. ಇಡೀ ದಿನ ಮಾತ್ರೆಯ ಪಟ್ಟಿಗಳನ್ನು ಪೆಟ್ಟಿಗೆಗೆ ತುಂಬಿ ಬೆರಳು ಸೆಟೆದುಕೊಂಡು ಬಂದವರಿಗೆ ಅಷ್ಟೇ ಸಾಕಾಗುತ್ತಿತ್ತು.

ಶಾಲೆ ಶುರುವಾಗುವ ಮುಂಚೆ ಅಣ್ಣ ಪ್ರತಿ ವರ್ಷ ಮಗಳ ಅಳತೆ ತೆಗೆಯುತ್ತಿದ್ದ. ಹದಿನಾಲ್ಕರ ಆ ವರ್ಷ ಸೊಂಟ ಇಪ್ಪತ್ತೆಂಟರಿಂದ ಇಪ್ಪತ್ತೈದಕ್ಕೆ ಇಳಿದಿತ್ತು. ಅಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ನಿಂತ. ಹೊಸ ಬಟ್ಟೆ ಸರಿಯಾಗಿ ಕೂತಾಗ ದರ್ಜಿಗಳ ಮುಖದಲ್ಲಿ ಮೂಡುವ ಒಂದು ಖುಷಿ ಇದೆ, ಅದು ಅವನ ಮುಖದಲ್ಲಿತ್ತು.

“ಈಗ ನೋಡು ಮೈಕಟ್ಟು! ಇದಕ್ಕೆ ಹೊಲಿದ್ರೆ ಬಟ್ಟೆಗೇ ಒಂದು ಚೆಂದ” ಎಂದ.

ಅವಳು ನಕ್ಕಳು. ಅಪ್ಪ ಹೊಗಳಿದ ಎಂದು ನಕ್ಕ ನಗು ಅದು. ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಅಣ್ಣನಿಗೂ ಇರಬೇಕು, ಅವನು ಹೇಳುವುದಿಲ್ಲ.

ಮೊದಮೊದಲು ನಿಜಕ್ಕೂ ಎತ್ತರ ಹಾರಿದಳು. ಶಾಲೆಗಳ ಪಂದ್ಯದಲ್ಲಿ ಎರಡನೇ ಸ್ಥಾನ ಬಂತು. ಪದಕ ಹಾಕಿಕೊಂಡು ಬಂದ ದಿನ ಅಣ್ಣ ಅಂಗಡಿಗೆ ಬಂದವರಿಗೆಲ್ಲ ಅದನ್ನು ಕೈಗೆ ಕೊಟ್ಟು ತೋರಿಸಿದ. ಅವಳಿಗೆ ತಾನು ಹಿಡಿದ ದಾರಿ ಸರಿ ಎಂದು ಖಾತ್ರಿಯಾದದ್ದು ಅವತ್ತೇ.

ಅಂಗಡಿಯ ಮೂಲೆಯಲ್ಲಿ ಕತ್ತರಿಸಿ ಉಳಿದ ಚಿಂದಿ ತುಂಬುವ ದೊಡ್ಡ ಚೀಲವೊಂದಿತ್ತು. ದಿಂಬು ತುಂಬುವ ಹೆಂಗಸೊಬ್ಬಳು ವಾರಕ್ಕೊಮ್ಮೆ ಬಂದು ಒಯ್ಯುತ್ತಿದ್ದಳು. ಒಂದು ದಿನ ತೇಪೆಗೆ ನೀಲಿ ಬಟ್ಟೆ ಬೇಕಾಗಿ ಚೀಲದೊಳಗೆ ಕೈ ಹಾಕಿದೆ. ಕೈಗೆ ಇರುವೆ ಹತ್ತಿದವು. ತಳದಲ್ಲಿ ನೋಟ್‌ಬುಕ್ಕಿನ ಹಾಳೆಯ ಪೊಟ್ಟಣಗಳಿದ್ದವು. ಬಿಚ್ಚಿ ನೋಡಿದರೆ ನಾನು ಡಬ್ಬಿಗೆ ಹಾಕಿದ್ದ ಬ್ರೆಡ್ಡು, ಸುಲಿದ ಮೊಟ್ಟೆ, ಉಂಡೆಯಾಗಿ ಒಣಗಿದ ಅನ್ನ. ಐದು ದಿನದ ಊಟ, ಒಂದರ ಮೇಲೊಂದು.

ಶಾಲೆ ಬಿಟ್ಟು ಬಂದವಳನ್ನು ಮೇಲಕ್ಕೆ ಕರೆದೊಯ್ದು ಪೊಟ್ಟಣಗಳನ್ನು ಮುಂದಿಟ್ಟೆ.

“ಏನಿದು?”

“ಅತ್ತೆ, ಅಮ್ಮಂಗೆ ಹೇಳ್ಬೇಡ.”

“ಯಾಕೆ ಹೇಳ್ಬಾರದು? ಹೊಟ್ಟೆಗೆ ತಿನ್ನೋ ಅನ್ನನ ಚಿಂದಿ ಚೀಲಕ್ಕೆ ಹಾಕ್ತಾರೇನೇ?”

“ಮುಂದಿನ ತಿಂಗಳು ಪಂದ್ಯ ಇದೆ. ಅದು ಮುಗಿದ ಮೇಲೆ ತಿಂತೀನಿ. ನೀನು ಹೇಳಿದ್ರೆ ಅಮ್ಮ ನನ್ನ ಆಟ ಬಿಡಿಸ್ತಾಳೆ. ನನಗೆ ಇರೋದು ಅದೊಂದೇ ಅತ್ತೆ. ನೀನೊಬ್ಬಳೇ ನನ್ನ ಕಡೆ ಇರೋದು.”

ಕೊನೆಯ ಆ ಮಾತಿಗೆ ನಾನು ಕರಗಿಹೋದೆ. ಮಕ್ಕಳಿಲ್ಲದವಳು ನಾನು. ಒಂದು ಮಗು ತನ್ನ ಗುಟ್ಟನ್ನು ಹೆತ್ತ ತಾಯಿಗೆ ಹೇಳದೆ ನನಗೆ ಒಪ್ಪಿಸಿದೆ ಎನ್ನುವುದು ನನಗೆ ದೊಡ್ಡದಾಗಿ ಕಂಡಿತು. “ನಾಳೆಯಿಂದ ಒಂದು ಮೊಟ್ಟೆನಾದ್ರೂ ತಿನ್ನಬೇಕು, ಗೊತ್ತಾಯ್ತಾ?” ಎಂದೆ. ತಲೆಯಾಡಿಸಿದಳು. ಪೊಟ್ಟಣಗಳನ್ನು ನಾನೇ ಹೊರಗೆ ಎಸೆದು ಬಂದೆ.

ಪಂದ್ಯ ಮುಗಿಯಿತು, ಅವಳು ತಿನ್ನಲಿಲ್ಲ. ಅದರಾಚೆ ಇನ್ನೊಂದು ಪಂದ್ಯವಿತ್ತು. ಚಿಂದಿ ಚೀಲದಲ್ಲಿ ಮತ್ತೆ ಏನೂ ಸಿಗಲಿಲ್ಲ; ಬೇರೆ ಜಾಗ ಹುಡುಕಿಕೊಂಡಿದ್ದಳು ಅಷ್ಟೇ. ತಲೆ ಬಾಚುವಾಗ ಹಣಿಗೆಯ ತುಂಬ ಕೂದಲು ಬರತೊಡಗಿತು. ಬಿಸಿಲಿನ ದಿನಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಕೈ ಹಿಡಿದರೆ ಮಂಜುಗಡ್ಡೆ. ಪಾಠ ಓದುತ್ತಾ ಓದುತ್ತಾ ಅದೇ ಸಾಲಿಗೆ ಮೂರು ಸಲ ವಾಪಸು ಬರುವಳು. ಸಣ್ಣ ಮಾತಿಗೂ ಉರಿದುಬೀಳುವಳು. ಒಂದು ದಿನ ಬಟ್ಟೆ ಒಗೆಯುವಾಗ ಹೊಳೆಯಿತು: ಇವಳು ಮುಟ್ಟಾಗದೆ ಎಷ್ಟು ತಿಂಗಳಾಯಿತು? ಕೇಳಿದೆ.

“ನಾಲ್ಕು ತಿಂಗಳು ಆಗಿರಬೇಕು. ಆಟ ಆಡೋರಿಗೆ ಹಾಗೇ ಅಂತೆ ಅತ್ತೆ. ಒಳ್ಳೇದೇ ಆಯ್ತಲ್ಲ, ರಗಳೆ ಇಲ್ಲ.”

ನಂಬಿದೆ ಎಂದರೆ ಸುಳ್ಳಾಗುತ್ತದೆ. ನಂಬಿದರೆ ಅನುಕೂಲವಿತ್ತು, ಅದಕ್ಕೆ ನಂಬಿದೆ. ಈಗ ಬಾಯಿ ಬಿಟ್ಟರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು.

ಹದಿನೈದರ ಅಳತೆಯಲ್ಲಿ ಸೊಂಟ ಇಪ್ಪತ್ತೆರಡೂವರೆ. ಈ ಸಲ ಅಣ್ಣನ ಮುಖದಲ್ಲಿ ಖುಷಿ ಇರಲಿಲ್ಲ. ಟೇಪನ್ನು ಬಿಚ್ಚಿ ಇನ್ನೊಂದು ಸಲ ಸುತ್ತಿದ. “ಏನಮ್ಮಾ, ಊಟ ಸರಿ ಮಾಡ್ತಿದೀಯ ತಾನೇ?” ಎಂದ. ಅವಳು ನನ್ನ ಕಡೆ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದವಳ ಹಾಗೆ ತಲೆ ತಗ್ಗಿಸಿದೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅಣ್ಣ ಅಳತೆ ಬರೆದುಕೊಂಡು ಪುಸ್ತಕ ಮುಚ್ಚಿದ.

ಎರಡು ತಿಂಗಳಿಂದ ತೊಡೆಯ ಸಂದಿನಲ್ಲಿ ನೋವೆನ್ನುತ್ತಿದ್ದಳು. ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕಿದೆ. ಒಂದು ಬೆಳಿಗ್ಗೆ ಮೈದಾನದಲ್ಲಿ, ಜಿಗಿಯುವಾಗಲೂ ಅಲ್ಲ, ಕೋಲಿನತ್ತ ಓಡುವಾಗ ನಾಲ್ಕನೇ ಹೆಜ್ಜೆಗೆ ಅವಳ ಕಾಲು ಮುರಿಯಿತು. ಯಾರೂ ತಳ್ಳಲಿಲ್ಲ, ಅವಳು ಎಡವಲೂ ಇಲ್ಲ. ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲಿ, ಒಣಕಡ್ಡಿಯ ಹಾಗೆ ಲಟಕ್ಕೆಂದ ಸದ್ದು ತಮಗೇ ಕೇಳಿಸಿತೆಂದು ಆಟದ ಮಿಸ್ಸು ಆಸ್ಪತ್ರೆಯಲ್ಲಿ ಅಳುತ್ತಾ ಹೇಳಿದರು.

ಶಸ್ತ್ರಚಿಕಿತ್ಸೆ ಆಯಿತು. ಮೂಳೆಗೆ ಮೂರು ಸ್ಕ್ರೂ ಹಾಕಿದರು. ಮರುದಿನ ಡಾಕ್ಟರಮ್ಮ ನಮ್ಮ ಮೂವರನ್ನೂ ಒಳಗೆ ಕರೆದರು. ನರೆತ ಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು.

“ನಿಮ್ಮ ಮಗಳು ಎಷ್ಟು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ?”

ಅಣ್ಣನಿಗೆ ಅವಮಾನವಾಯಿತು. “ನಮ್ಮನೇಲಿ ಊಟಕ್ಕೇನೂ ಕೊರತೆ ಇಲ್ಲ ಡಾಕ್ಟ್ರೇ.”

“ಮನೇಲಿ ಏನಿದೆ ಅಂತ ನಾನು ಕೇಳ್ಲಿಲ್ಲ. ಅವಳ ಹೊಟ್ಟೇಲಿ ಏನಿದೆ ಅಂತ ಕೇಳಿದೆ. ಹದಿನೈದು ವರ್ಷದ ಹುಡುಗಿಗೆ ಓಡಿದರೆ ಮೂಳೆ ಮುರಿಯಬಾರದು. ಎದೆಬಡಿತ ನಿಮಿಷಕ್ಕೆ ನಲವತ್ತೆರಡು ಇದೆ. ರಕ್ತ ಅರ್ಧಕ್ಕರ್ಧ ಕಡಿಮೆ. ಹೋದ ವರ್ಷದಿಂದ ಎಷ್ಟು ಎತ್ತರ ಬೆಳೆದಿದಾಳೆ, ಗೊತ್ತಾ?”

ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ಎದ್ದು ಹೋದ. ಅಂಗಡಿ ಆಸ್ಪತ್ರೆಗೆ ಹತ್ತಿರವೇ. ಕಾಲು ಗಂಟೆಯಲ್ಲಿ ಅಳತೆ ಪುಸ್ತಕ ಹಿಡಿದುಕೊಂಡು ಏದುಸಿರು ಬಿಡುತ್ತಾ ವಾಪಸು ಬಂದ. ಮಗಳ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಮೂರು ವರ್ಷ, ಮೂರು ಸಾಲು. ಹೆಗಲಿನಿಂದ ಮೊಣಕಾಲಿನವರೆಗಿನ ಉದ್ದ ಮೊದಲು ಮೂವತ್ತೇಳು, ಆಮೇಲೆ ಮೂವತ್ತೇಳೂವರೆ, ಆಮೇಲೆ ಮತ್ತೆ ಮೂವತ್ತೇಳೂವರೆ. ಎದೆ, ಸೊಂಟ, ತೋಳಿನ ಸುತ್ತಳತೆ, ಎಲ್ಲ ಇಳಿಯುತ್ತಾ ಬಂದಿದ್ದವು.

ಡಾಕ್ಟರಮ್ಮ ಬೆರಳಿಟ್ಟು ಓದಿದರು. ಆಮೇಲೆ ನಿಧಾನವಾಗಿ ಹೇಳಿದರು. “ಹತ್ತರಿಂದ ಹದಿನೆಂಟು, ಇಪ್ಪತ್ತರವರೆಗೆ ಮೈ ತನ್ನನ್ನ ತಾನು ಕಟ್ಟಿಕೊಳ್ಳೋ ಕಾಲ. ಎತ್ತರ, ಮೂಳೆ, ರಕ್ತ, ಗರ್ಭಕೋಶ, ಮಿದುಳು, ಎಲ್ಲ ಆಗಲೇ ಗಟ್ಟಿಯಾಗಬೇಕು. ಚಿಕ್ಕ ಮಗೂಗಿಂತ, ನಮ್ಮ ನಿಮ್ಮಂಥವರಿಗಿಂತ ಹೆಚ್ಚು ಊಟ ಬೇಕಾಗೋದು ಆಗ. ಹಾಲು, ಮೊಟ್ಟೆ, ಬೇಳೆ, ಸೊಪ್ಪು, ಹಣ್ಣು, ಹೊಟ್ಟೆ ತುಂಬ ಅನ್ನ. ಆಟ ಆಡೋರಿಗೆ ಇನ್ನೂ ಜಾಸ್ತಿ. ಆಗ ಸಿಗದೇ ಇದ್ರೆ ಮೈ ತನ್ನ ಮೂಳೇನೇ ಕರಗಿಸಿಕೊಂಡು ಬದುಕುತ್ತೆ. ಇವಳದು ಹಾಗೇ ಆಗಿದೆ.”

“ಈಗಿಂದ ಚೆನ್ನಾಗಿ ತಿನ್ನಿಸಿದ್ರೆ?” ಅತ್ತಿಗೆ ಕೇಳಿದರು.

“ತಿನ್ನಿಸಲೇಬೇಕು. ಒಮ್ಮೆಲೇ ಅಲ್ಲ, ನಾವು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ. ಜೀವಕ್ಕೆ ಅಪಾಯ ತಪ್ಪುತ್ತೆ, ಮುಟ್ಟು ವಾಪಸು ಬರುತ್ತೆ. ಕಳೆದುಹೋದ ಎತ್ತರ, ಮೂಳೆ, ಅಷ್ಟೂ ಬರುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ.”

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಣ್ಣ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ನನ್ನ ಕೈಯಾರೆ ಬರ್ದಿದೀನಿ ಕಣೇ. ನಾನೇ ಬರ್ದಿದೀನಿ. ಓದ್ಲಿಲ್ಲ” ಎಂದ. ಅವನು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ, ಅಪ್ಪ ಹೋದಾಗಲೂ.

ನನಗೆ ತಡೆಯಲಾಗಲಿಲ್ಲ. ಚಿಂದಿ ಚೀಲದ ಪೊಟ್ಟಣಗಳಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಯಾವಾಗ ಗೊತ್ತಾಗಿತ್ತು ನಿನಗೆ?”

“ಒಂದು ವರ್ಷ ಆಯ್ತು ಅತ್ತಿಗೆ.”

“ಒಂದು ವರ್ಷ” ಎಂದರು ಅವರು. ಎದ್ದು ಹೋಗಿ ಮಗಳ ಮಂಚದ ಪಕ್ಕ ಕೂತರು. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ. ಆದರೆ ಕಂಪನಿಗೆ ರಾಜೀನಾಮೆ ಕೊಟ್ಟು ಮನೆಯಲ್ಲಿ ಉಳಿದರು. ಅಂದಿನಿಂದ ಆ ಮನೆಯಲ್ಲಿ ಮಗಳ ತಟ್ಟೆಗೆ ನಾನು ಬಡಿಸಿದ್ದಿಲ್ಲ.

ಮೂಳೆ ಕೂಡಿಕೊಳ್ಳಲು ಏಳು ತಿಂಗಳು ಬೇಕಾಯಿತು. ಊಟ ಕೂಡಿಕೊಳ್ಳಲು ನಾಲ್ಕು ವರ್ಷ. ಅನ್ನ ಕಂಡರೆ ಅವಳು ಹೆದರುತ್ತಿದ್ದಳು, ಹಾವು ಕಂಡವಳ ಹಾಗೆ. ಅರ್ಧ ಲೋಟ ಹಾಲಿನ ಮುಂದೆ ತಾಯಿ ಮಗಳು ಇಬ್ಬರೂ ಒಂದು ಗಂಟೆ ಕೂತಿರುತ್ತಿದ್ದರು. ಕೆಳಗೆ ಮಷೀನು ನಿಲ್ಲಿಸಿ ಅಣ್ಣ ಕಿವಿಗೊಟ್ಟಿರುತ್ತಿದ್ದ. ಲೋಟ ತೊಳೆಯುವ ಸದ್ದು ಕೇಳಿದ ಮೇಲೆ ಮತ್ತೆ ಪೆಡಲಿನ ಮೇಲೆ ಕಾಲಿಡುವನು. ಕೆಲವು ತಿಂಗಳು ಚೆನ್ನಾಗಿ ತಿಂದು, ಮತ್ತೆ ಬಿಟ್ಟು, ಮತ್ತೆ ಆಸ್ಪತ್ರೆಗೆ ಸೇರಿ, ಹೀಗೆ ಎರಡು ಸಲ ಆಯಿತು. ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ವಾರ ವಾರ ಹೋದಳು. ಆಟದ ಮಿಸ್ಸು ಬೇರೆ ಶಾಲೆಗೆ ಹೋಗುವ ಮುಂಚೆ ಬಂದು ಅವಳ ಕೈ ಹಿಡಿದುಕೊಂಡು ಕೂತು ಹೋದರು. ಹಳೆಯ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಮತ್ತೆ ಬರಲಿಲ್ಲ.

ಈಗ ಅವಳಿಗೆ ಇಪ್ಪತ್ನಾಲ್ಕು. ತಾಯಿಗಿಂತ ನಾಲ್ಕು ಬೆರಳು ಗಿಡ್ಡ. ಬಲಗಾಲು ಎಳೆಯುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು. ಗ್ರಂಥಾಲಯವೊಂದರಲ್ಲಿ ಕೂತು ಮಾಡುವ ಕೆಲಸ. ಊಟ ಮಾಡುತ್ತಾಳೆ, ಗಡಿಯಾರ ನೋಡಿಕೊಂಡು, ಔಷಧಿ ತೆಗೆದುಕೊಳ್ಳುವವರ ಹಾಗೆ. ಮುಚ್ಚಳ ಎತ್ತಿ ನೋಡುತ್ತಿದ್ದ ಆ ಹಸಿವು ಮಾತ್ರ ಮತ್ತೆ ಅವಳಿಗೆ ಬರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಬಹಳ ವರ್ಷಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ. “ನಾನು ಅವತ್ತೇ ನಿಮ್ಮಮ್ಮಂಗೆ ಹೇಳಿಬಿಟ್ಟಿದ್ರೆ ನೀನು ಏನು ಮಾಡ್ತಿದ್ದೆ?”

ಅವಳು ಯೋಚಿಸಿದಳು. “ನಿನ್ನ ಜೊತೆ ಮಾತು ಬಿಡ್ತಿದ್ದೆ ಅತ್ತೆ. ಬಹುಶಃ ಜನ್ಮದಲ್ಲಿ ಮಾತಾಡಿಸ್ತಿರಲಿಲ್ಲ.” ಆಮೇಲೆ, “ಮಾತು ಬಿಟ್ರೆ ಬಿಡ್ಲಿ ಅಂದ್ಕೊಂಡು ನೀನು ಅಮ್ಮಂಗೆ ಹೇಳ್ಬೇಕಿತ್ತು” ಎಂದಳು.

ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ. ನಾನು ತಲೆಯಾಡಿಸಿದೆ.

ಮೊನ್ನೆ ಮೂಳೆಯ ಪರೀಕ್ಷೆಗೆ ಅವಳೊಟ್ಟಿಗೆ ನಾನೇ ಹೋಗಿದ್ದೆ. ಅತ್ತಿಗೆಗೆ ಮೈ ಹುಷಾರಿರಲಿಲ್ಲ. ಅಲ್ಲಿನವರು ನನಗೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು, ಮಾಡಿಸಿಕೊಂಡೆ. ನನಗೆ ಐವತ್ತೆಂಟು. ಡಾಕ್ಟರು ಎರಡೂ ಕಾಗದ ಅಕ್ಕಪಕ್ಕ ಇಟ್ಟು, ಇಬ್ಬರ ಮೂಳೆಯ ಗಟ್ಟಿತನವೂ ಹೆಚ್ಚುಕಡಿಮೆ ಒಂದೇ ಎಂದು ವಿವರಿಸಿದರು. ಹೊರಗೆ ಬಂದ ಮೇಲೆ ಅವಳು ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, “ಅತ್ತೇ, ನಾವಿಬ್ಬರೂ ಇನ್ಮೇಲೆ ಒಂದೇ ವಾರಿಗೆಯವರು” ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಮುಂದೆ ಇಳಿಯಲು ಹನ್ನೆರಡು ಮೆಟ್ಟಿಲಿದ್ದವು. ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ನನ್ನತ್ತ ಚಾಚಿದಳು. ನಾನು ಹಿಡಿದುಕೊಂಡೆ. ಒಂದೊಂದೇ ಮೆಟ್ಟಿಲು ಇಳಿದೆವು.